ಸೆನ್ಸರ್ ಚುರುಕು, ಸುಳಿವು ಮಸುಕು

‘ಒಂದೇ ಹನಿ ರಕ್ತದಲ್ಲಿ ಕ್ಯಾನ್ಸರ್ ಪತ್ತೆ’ ಎಂಬ ಸುದ್ದಿ ವರ್ಷದಲ್ಲಿ ಹಲವು ಸಲ ಪತ್ರಿಕೆಗಳ ಒಳಪುಟಕ್ಕೆ ಬರುತ್ತದೆ. ಯಾವುದೋ ವಿಶ್ವವಿದ್ಯಾಲಯ, ನಾಲಗೆ ಹೊರಳದ ಹೆಸರಿನ ಒಂದು ನ್ಯಾನೋ ವಸ್ತು, ಉಗುರಿನಗಲದ ಚಿಪ್, ಪಕ್ಕದಲ್ಲಿ ಬಿಳಿ ಕೋಟು ತೊಟ್ಟ ಸಂಶೋಧಕರ ಫೋಟೊ. ಎರಡು ದಿನ ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿ ಸುದ್ದಿ ತಣ್ಣಗಾಗುತ್ತದೆ. ಆ ಚಿಪ್ ಆಮೇಲೆ ಏನಾಯಿತು, ನಮ್ಮೂರಿನ ಲ್ಯಾಬಿಗೆ ಏಕೆ ಬರಲಿಲ್ಲ ಎಂದು ಯಾರೂ ಕೇಳುವುದಿಲ್ಲ. ಹಾಗಾದರೆ ಸುದ್ದಿ ಸುಳ್ಳೇ? ಬಹುತೇಕ ಸಲ ಅಲ್ಲ. ಪ್ರಯೋಗಾಲಯದ ಮೇಜಿನ ಮೇಲೆ ಆ ಚಿಪ್ ಹೇಳಿದ ಕೆಲಸವನ್ನು ಮಾಡಿಯೇ ಇರುತ್ತದೆ. ತೊಡಕು ಇರುವುದು ಹುಡುಕುವ ಚಿಪ್‌ನಲ್ಲಿ ಕಡಿಮೆ, ಅದಕ್ಕೆ ಹುಡುಕಲು ಕೊಟ್ಟ ವಸ್ತುವಿನಲ್ಲಿ ಹೆಚ್ಚು.

ಮೊದಲು ಚಿಪ್ಪಿನ ವಿಷಯಕ್ಕೇ ಬರೋಣ. ಇವುಗಳಲ್ಲಿ ಹೆಚ್ಚಿನವು ಎಲೆಕ್ಟ್ರೊಕೆಮಿಕಲ್ ಸೆನ್ಸರ್‌ಗಳು. ಹೆಸರು ಭಾರಿಯಾದರೂ ವಸ್ತು ಈಗಾಗಲೇ ಮನೆಯೊಳಗಿದೆ. ಶುಗರ್ ಇರುವವರು ಗ್ಲುಕೋಮೀಟರಿಗೆ ತೂರಿಸುವ ಸ್ಟ್ರಿಪ್ ಇದೇ ಜಾತಿಯದು. ಡಬ್ಬಿಯಿಂದ ಒಂದನ್ನು ತೆಗೆದು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಪ್ಲಾಸ್ಟಿಕ್ ಪಟ್ಟಿಯ ಉದ್ದಕ್ಕೂ ಎರಡು ಮೂರು ಗೆರೆಗಳು ಓಡಿರುತ್ತವೆ. ಕೆಲವು ಕಂಪನಿಯವು ಕಪ್ಪು ಕಾರ್ಬನ್ ಶಾಯಿಯವು, ಕೆಲವು ಬಂಗಾರದ ಬಣ್ಣದವು. ಅವೇ ಎಲೆಕ್ಟ್ರೋಡುಗಳು. ಗೆರೆಗಳ ಒಂದು ತುದಿ ಮೀಟರಿನೊಳಗೆ ಹೋಗುತ್ತದೆ, ಇನ್ನೊಂದು ತುದಿಯಲ್ಲಿ ಒಂದು ಸಣ್ಣ ಸಂದು. ಬೆರಳು ಚುಚ್ಚಿ ಹನಿ ತಾಗಿಸಿದರೆ ಸಂದು ತಾನೇ ರಕ್ತವನ್ನು ಹೀರಿಕೊಳ್ಳುತ್ತದೆ. ಅಲ್ಲಿ ಒಣಗಿಸಿ ಕೂರಿಸಿರುವ ಕಿಣ್ವ ಗ್ಲುಕೋಸಿನಿಂದ ಎಲೆಕ್ಟ್ರಾನುಗಳನ್ನು ಕಿತ್ತು ಮಧ್ಯವರ್ತಿ ರಾಸಾಯನಿಕವೊಂದಕ್ಕೆ ಕೊಡುತ್ತದೆ, ಅದು ಎಲೆಕ್ಟ್ರೋಡಿಗೆ ದಾಟಿಸುತ್ತದೆ. ಮೀಟರು ಆ ಕರೆಂಟನ್ನು ಅಳೆದು ಕೆಲವೇ ಸೆಕೆಂಡುಗಳಲ್ಲಿ 142 ಎಂದೋ 210 ಎಂದೋ ತೋರಿಸುತ್ತದೆ. ಮುಂದಿನ ಬೈಗುಳ ರಾತ್ರಿ ಕದ್ದು ತಿಂದ ಹೋಳಿಗೆಯ ಪಾಲಿಗೆ.

ಇದರ ಮೂಲ ಅಮೆರಿಕದ ಲೆಲಂಡ್ ಕ್ಲಾರ್ಕ್ ಅವರದು. ರಕ್ತದಲ್ಲಿನ ಆಮ್ಲಜನಕ ಅಳೆಯುವ ಎಲೆಕ್ಟ್ರೋಡನ್ನು 1956ರಲ್ಲಿ ಪ್ರಕಟಿಸಿದ ಅವರು, ಅದರ ಮೇಲೆ ಕಿಣ್ವದ ಪದರ ಹಾಕಿದರೆ ಗ್ಲುಕೋಸನ್ನೂ ಅಳೆಯಬಹುದು ಎಂದು 1962ರಲ್ಲಿ ತೋರಿಸಿದರು. ಆ ತತ್ವದ ಮೊದಲ ಯಂತ್ರ 1975ರಲ್ಲಿ ಮಾರುಕಟ್ಟೆಗೆ ಬಂತು. ಪೆನ್ನಿನ ಗಾತ್ರದ ಮೀಟರು ಬಂದದ್ದು 1987ರಲ್ಲಿ. ಅಂದರೆ ತತ್ವದಿಂದ ಜೇಬಿನವರೆಗೆ ಕಾಲು ಶತಮಾನ ಹಿಡಿದಿದೆ, ಅದೂ ಗ್ಲುಕೋಸಿನಂಥ ಸುಲಭದ ಗಿರಾಕಿಗೆ.

ಸುಲಭ ಏಕೆಂದರೆ ಗ್ಲುಕೋಸು ರಕ್ತದಲ್ಲಿ ಧಾರಾಳವಾಗಿದೆ. ಊಟಕ್ಕೆ ಮುಂಚೆ 90 ಇದೆ ಅಂದರೆ ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 9 ಲಕ್ಷ ನ್ಯಾನೋಗ್ರಾಂ. ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಈಗ ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ಕೊಡುವ ಪಿಎಸ್ಎ ಎಂಬ ಪ್ರೋಟೀನನ್ನು ತೆಗೆದುಕೊಳ್ಳಿ. ವೈದ್ಯರು ಹುಬ್ಬು ಗಂಟಿಕ್ಕುವುದು ಅದು ಮಿಲಿಲೀಟರಿಗೆ 4 ನ್ಯಾನೋಗ್ರಾಂ ದಾಟಿದಾಗ. ಗ್ಲುಕೋಸಿನ ಎರಡು ಲಕ್ಷದಲ್ಲಿ ಒಂದು ಪಾಲೂ ಅಲ್ಲ. ಸಾಲದ್ದಕ್ಕೆ ಅದೇ ಮಿಲಿಲೀಟರಿನಲ್ಲಿ ಆಲ್ಬುಮಿನ್ ಎಂಬ ಇನ್ನೊಂದು ಪ್ರೋಟೀನು ನಾಲ್ಕು ಕೋಟಿ ನ್ಯಾನೋಗ್ರಾಂ ತುಂಬಿಕೊಂಡಿದೆ. ಹುಡುಕಬೇಕಾದ ಪ್ರೋಟೀನು ಸುತ್ತಲಿನ ಒಂದೇ ಒಂದು ಪ್ರೋಟೀನಿನ ಎದುರು ತೂಕದಲ್ಲಿ ಕೋಟಿಗೊಂದು ಪಾಲು. ಪಿಎಸ್ಎಯನ್ನೇ ತಿಂದು ಎಲೆಕ್ಟ್ರಾನು ಉಗುಳುವ ಅನುಕೂಲದ ಕಿಣ್ವವೂ ಇಲ್ಲ.

ಅದಕ್ಕೇ ಪ್ರತಿಕಾಯ ಬೇಕು. ನಮ್ಮ ದೇಹ ಸೋಂಕಿನ ವಿರುದ್ಧ ತಯಾರಿಸುವಂಥದ್ದೇ ಪ್ರೋಟೀನು, ಆದರೆ ಪಿಎಸ್ಎಯನ್ನು ಕಂಡರೆ ಮಾತ್ರ ಅಪ್ಪಿಕೊಳ್ಳುವಂತೆ ಲ್ಯಾಬಿನಲ್ಲಿ ಬೆಳೆಸಿದ್ದು. ಇದನ್ನು ಎಲೆಕ್ಟ್ರೋಡಿನ ಮೇಲೆ ನೆಟ್ಟು, ಖಾಲಿ ಉಳಿದ ಜಾಗಕ್ಕೆಲ್ಲ ಹಸುವಿನ ಸೀರಮ್ಮಿನ ಆಲ್ಬುಮಿನ್ ಬಳಿಯುತ್ತಾರೆ, ಬೇರೆ ಯಾವುದೂ ಬಂದು ಅಂಟದಿರಲಿ ಎಂದು. ಆಮೇಲೆ ದಾರಿ ಎರಡು. ಮೊದಲನೆಯದು ನೇರ. ಎಲೆಕ್ಟ್ರೋಡಿನ ಸುತ್ತ ಕಬ್ಬಿಣದ ಒಂದು ಸಂಯುಕ್ತದ ದ್ರಾವಣವಿಟ್ಟು ಸರಾಗವಾಗಿ ಕರೆಂಟು ಹರಿಯುವಂತೆ ಮಾಡಿರುತ್ತಾರೆ. ಪಿಎಸ್ಎ ಬಂದು ಪ್ರತಿಕಾಯಕ್ಕೆ ಕಚ್ಚಿಕೊಂಡಷ್ಟೂ ಮೇಲ್ಮೈ ಮುಚ್ಚಿಹೋಗಿ ಕರೆಂಟು ಇಳಿಯುತ್ತದೆ. ಇಳಿದದ್ದೆಷ್ಟು ಎಂಬುದೇ ಲೆಕ್ಕ. ಎರಡನೆಯದು ಪಿಎಸ್ಎಯನ್ನು ಎರಡು ಪ್ರತಿಕಾಯಗಳ ನಡುವೆ ಸಿಕ್ಕಿಸುವುದು. ಕೆಳಗಿನದು ಹಿಡಿದಿಟ್ಟುಕೊಳ್ಳುತ್ತದೆ, ಮೇಲಿನದು ಬೆನ್ನ ಮೇಲೆ ಒಂದು ಕಿಣ್ವವನ್ನು ಹೊತ್ತು ಬರುತ್ತದೆ. ಆ ಕಿಣ್ವಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಉಣಿಸಿದರೆ ಕರೆಂಟು ಹುಟ್ಟುತ್ತದೆ. ಮೂಲಂಗಿಯ ದೂರದ ನೆಂಟನಾದ ಹಾರ್ಸ್‌ರ‍್ಯಾಡಿಶ್ ಎಂಬ ಖಾರದ ಗಡ್ಡೆಯಿಂದ ತೆಗೆಯುವ ಕಿಣ್ವವಿದು. ಜಗತ್ತಿನ ಎಷ್ಟೋ ರಕ್ತಪರೀಕ್ಷೆಗಳು ಅದರ ಮೇಲೆ ನಿಂತಿವೆ.

ನ್ಯಾನೋ ವಸ್ತುವಿನ ಪ್ರವೇಶ ಇಲ್ಲಿ. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಒಂದು ಪ್ರತಿಕಾಯ ಸುಮಾರು ಹತ್ತು ನ್ಯಾನೋಮೀಟರಿನಷ್ಟು. ಚಪ್ಪಟೆ ಎಲೆಕ್ಟ್ರೋಡಿನ ಮೇಲೆ ನೆಡಬಹುದಾದ ಪ್ರತಿಕಾಯಗಳಿಗೆ ಮಿತಿ ಇದೆ. ಮೇಲ್ಮೈಯನ್ನು ಹೆಚ್ಚಿಸುವುದು ಹೇಗೆ? ಒಂದು ಸೆಂಟಿಮೀಟರ್ ಅಳತೆಯ ಬಂಗಾರದ ಘನವಿದೆ ಎನ್ನಿ. ಅದರ ಆರೂ ಮುಖ ಸೇರಿ ಆರು ಚದರ ಸೆಂಟಿಮೀಟರ್. ಅದನ್ನೇ ಹತ್ತು ನ್ಯಾನೋಮೀಟರಿನ ಘನಗಳಾಗಿ ತುಂಡರಿಸಿದರೆ ಮೇಲ್ಮೈ ಹತ್ತು ಲಕ್ಷ ಪಟ್ಟಾಗಿ 600 ಚದರ ಮೀಟರಿಗೆ ಬರುತ್ತದೆ. ಬೆಂಗಳೂರಿನ ಲೆಕ್ಕದಲ್ಲಿ ಹೇಳುವುದಾದರೆ ಐದು 30-40 ಸೈಟು, ಮೇಲೆ ಒಂದಿಷ್ಟು. ಬಂಗಾರ ಒಂದು ಗುಂಜಿಯೂ ಹೆಚ್ಚಾಗಿಲ್ಲ.

ತುಂಡರಿಸುವುದು ಎಂದೆನಾದರೂ ಯಾರೂ ಚಾಕು ಹಿಡಿಯುವುದಿಲ್ಲ. ನ್ಯಾನೋ ಬಂಗಾರವನ್ನು ಬೇಯಿಸಿ ಮಾಡುತ್ತಾರೆ. ಬಂಗಾರದ ಲವಣವನ್ನು ನೀರಿಗೆ ಹಾಕಿದರೆ ತಿಳಿ ಹಳದಿ. ಕುದಿ ಬಂದಾಗ ಸೋಡಿಯಂ ಸಿಟ್ರೇಟ್ ಸುರಿಯುತ್ತಾರೆ. ನಿಂಬೆಯ ಹುಳಿಯಲ್ಲಿರುವ ಸಿಟ್ರಿಕ್ ಆಮ್ಲದ ಲವಣ ಅದು. ಹಳದಿ ಅಳಿಸಿಹೋಗಿ ನೀರು ಬಣ್ಣಗೆಡುತ್ತದೆ, ಸ್ವಲ್ಪ ಹೊತ್ತಿಗೆ ಬೂದು, ಕಪ್ಪು-ನೇರಳೆ, ಆಮೇಲೆ ಇದ್ದಕ್ಕಿದ್ದಂತೆ ಮಾಣಿಕ್ಯದ ಕೆಂಪು. ಆ ಕೆಂಪೇ ಹದ ಬಂದಿದೆ ಎನ್ನುವುದರ ಗುರುತು: ಸುಮಾರು ಹದಿನೈದು ಇಪ್ಪತ್ತು ನ್ಯಾನೋಮೀಟರಿನ ಕಣಗಳಲ್ಲಿ ಬಂಗಾರ ಬಂಗಾರದ ಬಣ್ಣದಲ್ಲಿರುವುದಿಲ್ಲ. ಪಾತ್ರೆ ಸರಿಯಾಗಿ ತೊಳೆದಿರದಿದ್ದರೆ ಕಣಗಳು ಮುದ್ದೆಗಟ್ಟಿ ನೀಲಿಗೆ ತಿರುಗುತ್ತವೆ, ಇಡೀ ಅಡುಗೆ ಚೆಲ್ಲಬೇಕಾಗುತ್ತದೆ. ಈ ವಿಧಾನ 1951ರಿಂದ ಬಳಕೆಯಲ್ಲಿದೆ. ಕೆಂಪು ಬಂಗಾರದ ದ್ರಾವಣವನ್ನು ಮೈಕೆಲ್ ಫ್ಯಾರಡೆ 1857ರಷ್ಟು ಹಿಂದೆಯೇ ವಿವರಿಸಿದ್ದ. ‘ನ್ಯಾನೋ’ ಎಂದಾಕ್ಷಣ ನಿನ್ನೆ ಮೊನ್ನೆಯದೆಂದು ಭಾವಿಸಬೇಕಿಲ್ಲ. ಹೊಸ ಸರಕು ಎಂದರೆ 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ವರದಿ ಮಾಡಿದ ಕಾರ್ಬನ್ ನ್ಯಾನೋಟ್ಯೂಬು, 2004ರಲ್ಲಿ ಮ್ಯಾಂಚೆಸ್ಟರಿನಲ್ಲಿ ಪೆನ್ಸಿಲ್ಲಿನ ಗ್ರಾಫೈಟಿನಿಂದ ಅಂಟುಟೇಪಿನಲ್ಲಿ ಸುಲಿದು ತೆಗೆದ, ಒಂದೇ ಪರಮಾಣು ದಪ್ಪದ ಗ್ರಾಫೀನ್. ಮೇಲ್ಮೈಯನ್ನು ಕೊಡುವುದರ ಜೊತೆಗೆ ಇವೆರಡೂ ಎಲೆಕ್ಟ್ರಾನುಗಳನ್ನು ಚೆನ್ನಾಗಿ ಸಾಗಿಸುತ್ತವೆ.

ಈ ಸರಕಿನಿಂದ ಏನು ಸಾಧ್ಯವಾಯಿತು ಎನ್ನುವುದಕ್ಕೆ ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಜೇಮ್ಸ್ ರಸ್ಲಿಂಗ್ ತಂಡದ ಕೆಲಸ ಒಳ್ಳೆಯ ನಿದರ್ಶನ. ಎಲೆಕ್ಟ್ರೋಡಿನ ಮೇಲೆ ನ್ಯಾನೋಟ್ಯೂಬುಗಳನ್ನು ಕಾಡಿನಂತೆ ನೆಟ್ಟಗೆ ನಿಲ್ಲಿಸಿ, ಮೇಲಿನ ಪ್ರತಿಕಾಯಕ್ಕೂ ನ್ಯಾನೋಟ್ಯೂಬು ಕಟ್ಟಿ, ಅದರ ಮೈತುಂಬ ಹಾರ್ಸ್‌ರ‍್ಯಾಡಿಶ್ ಕಿಣ್ವವನ್ನು ಪೋಣಿಸಿದರು. ಒಂದು ಪಿಎಸ್ಎ ಸಿಕ್ಕರೆ ಒಂದಲ್ಲ, ಹತ್ತಾರು ಕಿಣ್ವಗಳು ಒಟ್ಟಿಗೆ ಕೂಗುತ್ತವೆ. 2006ರಲ್ಲಿ ಅವರು ಹತ್ತು ಮೈಕ್ರೋಲೀಟರ್ ಸೀರಮ್ಮಿನಲ್ಲಿ, ಅಂದರೆ ಒಂದು ಹನಿಯ ಅಂಶದಷ್ಟರಲ್ಲಿ, ಮಿಲಿಲೀಟರಿಗೆ 4 ಪಿಕೋಗ್ರಾಂ ಪಿಎಸ್ಎಯನ್ನು ಗುರುತಿಸಿದರು. ವೈದ್ಯರು ಬಳಸುವ ಗಡಿಯ ಸಾವಿರದಲ್ಲಿ ಒಂದು ಪಾಲು! 2012ರಲ್ಲಿ ಅದೇ ತಂಡ ಚಿನ್ನದ ನ್ಯಾನೋಕಣಗಳ ಪದರದ ಮೇಲೆ ನಾಲ್ಕು ಪ್ರೋಟೀನುಗಳನ್ನು ಒಟ್ಟಿಗೆ ಅಳೆದು, ಬಾಯಿ ಕ್ಯಾನ್ಸರಿನ 78 ರೋಗಿಗಳನ್ನು 49 ಆರೋಗ್ಯವಂತರಿಂದ ಬೇರ್ಪಡಿಸಿತು. ರೋಗಿಗಳಲ್ಲಿ ನೂರಕ್ಕೆ 89 ಮಂದಿಯನ್ನು ಹಿಡಿಯಿತು, ಆರೋಗ್ಯವಂತರಲ್ಲಿ ನೂರಕ್ಕೆ 98 ಮಂದಿಯನ್ನು ಸರಿಯಾಗಿ ಬಿಟ್ಟಿತು.

ಬಾಯಿ ಕ್ಯಾನ್ಸರ್ ಎಂದ ಮೇಲೆ ನಮ್ಮ ಕಡೆಗೇ ಬರಬೇಕು. ಭಾರತದ ಗಂಡಸರಲ್ಲಿ ಬಹಳ ಹೆಚ್ಚಾಗಿ ಕಾಣುವ ಕ್ಯಾನ್ಸರುಗಳ ಸಾಲಿನಲ್ಲಿ ಅದು ಮುಂದಿದೆ. ಕಾರಣ ಗೊತ್ತಿರುವುದೇ: ಗುಟ್ಖಾ, ಜರ್ದಾ, ಖೈನಿ, ತಂಬಾಕು ಹಾಕಿದ ಎಲೆಅಡಿಕೆ. ತಂಬಾಕಿಲ್ಲದ ಬರೀ ಅಡಿಕೆಯನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿರುವುದು ಮಲೆನಾಡಿನವರಿಗೆ ಇಷ್ಟವಾಗದ ಮಾತು; ಆ ಜಗಳ ಇನ್ನೊಂದು ವಾರಕ್ಕಿರಲಿ. ದೆಹಲಿಯಲ್ಲಿ ಬನ್ಸಿ ಧರ್ ಮಲ್ಹೋತ್ರ ಅವರ ತಂಡ ರಕ್ತವನ್ನೂ ಬಿಟ್ಟು ಎಂಜಲಿಗೆ ಕೈಹಾಕಿತು. ಬಾಯಿಯ ಗಡ್ಡೆಯ ಜೀವಕೋಶಗಳು ಸಾಯುವಾಗ ಎಂಜಲಿಗೆ ಸೇರುವ ಸೈಫ್ರಾ 21-1 ಎಂಬ ಪ್ರೋಟೀನಿನ ಚೂರನ್ನು ಜಿರ್ಕೋನಿಯಾ ನ್ಯಾನೋಕಣ ಮತ್ತು ಗ್ರಾಫೀನಿನ ಪದರದ ಮೇಲೆ ಅಳೆಯುವ ಸೆನ್ಸರ್‌ಗಳನ್ನು 2015ರ ಆಸುಪಾಸಿನಲ್ಲಿ ಪ್ರಕಟಿಸಿತು. ಜಿರ್ಕೋನಿಯಾ ಎಂದರೆ ಹಲ್ಲಿನ ಡಾಕ್ಟರು ಕ್ಯಾಪ್ ಹಾಕಲು ಬಳಸುವ ಬಿಳಿ ಸೆರಾಮಿಕ್. ಸೂಜಿ ಬೇಡ, ರಕ್ತ ಬೇಡ, ಉಗುಳಿದರೆ ಸಾಕು. ಯೋಚನೆ ಮೆಚ್ಚುವಂಥದ್ದು. ಆದರೆ ನಮ್ಮಲ್ಲಿ ತಂಬಾಕು ಜಗಿಯುವವರ ಒಸಡುಗಳ ಸ್ಥಿತಿ ಎಲ್ಲರಿಗೂ ಗೊತ್ತು. ಎಂಜಲಿನಲ್ಲಿ ಹುಡುಕುವ ಇನ್ನೊಂದು ಜನಪ್ರಿಯ ಸುಳಿವಾದ ಇಂಟರ್‌ಲ್ಯೂಕಿನ್-8, ಒಸಡು ಬಾತು ಕೀವು ತುಂಬಿದಾಗಲೂ ಏರುತ್ತದೆ. ಕ್ಯಾನ್ಸರಿನ ಅಪಾಯ ಯಾರಿಗೆ ಹೆಚ್ಚೋ ಅವರ ಬಾಯಿಯಲ್ಲೇ ಸುಳ್ಳು ಸುಳಿವೂ ಹೆಚ್ಚು.

ಇಲ್ಲಿಗೆ ವಿಷಯದ ಹೊಟ್ಟೆಗೆ ಬಂದೆವು. ಕ್ಯಾನ್ಸರಿನ ‘ಮಾರ್ಕರ್’ ಎಂದು ಕರೆಯುವ ಈ ಪ್ರೋಟೀನುಗಳಲ್ಲಿ ಹೆಚ್ಚಿನವು ಕ್ಯಾನ್ಸರಿಗೇ ಮೀಸಲಾದವಲ್ಲ. ಲಂಡನ್ನಿನ ವೈದ್ಯ ಹೆನ್ರಿ ಬೆನ್ಸ್ ಜೋನ್ಸ್ 1840ರ ದಶಕದ ಕೊನೆಯಲ್ಲಿ, ಮೂಳೆಗಳು ಮೆತ್ತಗಾಗಿದ್ದ ರೋಗಿಯೊಬ್ಬನ ಮೂತ್ರದಲ್ಲಿ ವಿಚಿತ್ರವಾಗಿ ವರ್ತಿಸುವ ಪ್ರೋಟೀನನ್ನು ಗುರುತಿಸಿದ. ಮಲ್ಟಿಪಲ್ ಮೈಲೋಮಾ ಎಂಬ ಕ್ಯಾನ್ಸರಿನ ಆ ಗುರುತು ಮಾರ್ಕರುಗಳ ವಂಶದಲ್ಲಿ ಮೊದಲನೆಯದು. ಆಮೇಲೆ ಬಂದವುಗಳು ಅಷ್ಟು ಖಚಿತವಲ್ಲ. ಕರುಳಿನ ಕ್ಯಾನ್ಸರಿಗೆ ನೋಡುವ ಸಿಇಎಯನ್ನು 1965ರಲ್ಲಿ ಮಾಂಟ್ರಿಯಲ್‌ನ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯಲ್ ಫ್ರೀಡ್‌ಮನ್ ಕಂಡುಹಿಡಿದರು. ಬೀಡಿ ಸಿಗರೇಟು ಸೇದುವವರಲ್ಲಿ ಅದು ತಾನಾಗಿಯೇ ಕೊಂಚ ಮೇಲಿರುತ್ತದೆ. ಅಂಡಾಶಯದ ಕ್ಯಾನ್ಸರಿಗೆ ನೋಡುವ ಸಿಎ-125 ಮುಟ್ಟಿನ ದಿನಗಳಲ್ಲಿ, ಬಸುರಿನಲ್ಲಿ, ಎಂಡೊಮೆಟ್ರಿಯೋಸಿಸ್‌ನಲ್ಲಿ ಏರುತ್ತದೆ. ಹೊಟ್ಟೆಯ ಕ್ಷಯದಲ್ಲಂತೂ ನೂರುಗಟ್ಟಲೆ ಏರಿ, ಹೊಟ್ಟೆಯಲ್ಲಿ ನೀರು ತುಂಬಿದ ಹೆಣ್ಣುಮಗಳಿಗೆ ಕ್ಯಾನ್ಸರೇ ಎಂದು ಮನೆಮಂದಿಯೆಲ್ಲ ಕಂಗಾಲಾಗುವಂತೆ ಮಾಡುವುದು ಭಾರತದ ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಪಿಎಸ್ಎಯೂ ಹಾಗೆಯೇ. ವಯಸ್ಸಾದಂತೆ ಊದಿಕೊಳ್ಳುವ ಪ್ರಾಸ್ಟೇಟು ಅದನ್ನು ಏರಿಸುತ್ತದೆ, ಮೂತ್ರದ ಸೋಂಕೂ ಏರಿಸುತ್ತದೆ.

ಹೀಗಿರುವಾಗ ಸೆನ್ಸರ್ ಎಷ್ಟು ಚುರುಕಾದರೂ ಏನು ಬಂತು? ಸಂಶೋಧನಾ ಲೇಖನಗಳಲ್ಲಿ ಒಂದು ಓಟ ನಡೆದಿದೆ: ಎಷ್ಟು ಕಡಿಮೆ ಪ್ರಮಾಣವನ್ನು ಗುರುತಿಸಬಲ್ಲೆವು ಎಂಬ ಓಟ. ನ್ಯಾನೋಗ್ರಾಂನಿಂದ ಪಿಕೋಗ್ರಾಂ, ಅಲ್ಲಿಂದ ಫೆಮ್ಟೋಗ್ರಾಂ, ಈಗ ಅಟ್ಟೋಗ್ರಾಂ. ಹಳೆಯ ಲೇಖನಕ್ಕಿಂತ ಒಂದು ಸೊನ್ನೆ ಹೆಚ್ಚು ಕೆಳಗೆ ಹೋದರೆ ಹೊಸ ಲೇಖನ ಅಚ್ಚಾಗುತ್ತದೆ. ಆರೋಗ್ಯವಂತ ಗಂಡಸಿನ ರಕ್ತದಲ್ಲೇ ಮಿಲಿಲೀಟರಿಗೆ ಒಂದೆರಡು ನ್ಯಾನೋಗ್ರಾಂ ಪಿಎಸ್ಎ ಇರುವಾಗ ಅದರ ಹತ್ತು ಲಕ್ಷದಲ್ಲೊಂದು ಪಾಲನ್ನು ಹಿಡಿಯಬಲ್ಲೆ ಎನ್ನುವ ಸೆನ್ಸರ್ ವೈದ್ಯರಿಗೆ ಹೊಸದೇನನ್ನೂ ಹೇಳುವುದಿಲ್ಲ. ಅವರ ಪ್ರಶ್ನೆ ಬೇರೆ: 3.6 ಮತ್ತು 4.4ರ ನಡುವಿನ ವ್ಯತ್ಯಾಸವನ್ನು ಇವತ್ತೂ, ಮುಂದಿನ ತಿಂಗಳೂ, ಬೇರೆ ಪೆಟ್ಟಿಗೆಯ ಸ್ಟ್ರಿಪ್ಪಿನಲ್ಲೂ ಒಂದೇ ತರಹ ತೋರಿಸುತ್ತೀಯಾ? ಈ ಪ್ರಶ್ನೆಗೆ ಉತ್ತರ ಕೊಡುವ ಲೇಖನಗಳು ವಿರಳ. ಅದು ಬೇಸರದ ಕೆಲಸ, ಪದಕ ಸಿಗುವುದಿಲ್ಲ.

ಇನ್ನು ಎಲ್ಲರಿಗೂ ಟೆಸ್ಟು ಮಾಡಿಬಿಡೋಣ ಎನ್ನುವ ಆಸೆಯ ಲೆಕ್ಕ ನೋಡಿ. ಒಂದು ಲಕ್ಷ ಮಂದಿ ಇರುವ ತಾಲ್ಲೂಕಿನಲ್ಲಿ 50 ಮಂದಿಗೆ ಬಾಯಿ ಕ್ಯಾನ್ಸರ್ ಇದೆ ಎಂದು ಊಹಿಸಿಕೊಳ್ಳಿ. ನಮ್ಮ ಸೆನ್ಸರ್ ರೋಗಿಗಳಲ್ಲಿ ನೂರಕ್ಕೆ 90 ಮಂದಿಯನ್ನು ಹಿಡಿಯುತ್ತದೆ, ಆರೋಗ್ಯವಂತರಲ್ಲಿ ನೂರಕ್ಕೆ 98 ಮಂದಿಯನ್ನು ಬಿಡುತ್ತದೆ; ರಸ್ಲಿಂಗ್ ಅವರ ಚಿಪ್ಪಿಗಿಂತ ಒಂದು ಕೈ ಮೇಲೇ ಅನ್ನಿ. ನಿಜವಾದ 50 ರೋಗಿಗಳಲ್ಲಿ 45 ಮಂದಿ ಸಿಕ್ಕರು. ಉಳಿದ 99,950 ಆರೋಗ್ಯವಂತರಲ್ಲಿ ನೂರಕ್ಕೆ ಇಬ್ಬರಂತೆ 1,999 ಮಂದಿಗೂ ‘ಪಾಸಿಟಿವ್’ ಬಂತು. ಒಟ್ಟು 2,044 ಮಂದಿ ಕೈಯಲ್ಲಿ ಚೀಟಿ ಹಿಡಿದು ಜಿಲ್ಲಾಸ್ಪತ್ರೆಯ ಮುಂದೆ ನಿಂತಿದ್ದಾರೆ, ಅವರಲ್ಲಿ ನೂರಕ್ಕೆ ಇಬ್ಬರಿಗೆ ಮಾತ್ರ ಕ್ಯಾನ್ಸರ್. ಉಳಿದವರಿಗೆ ಬಯಾಪ್ಸಿ, ಸ್ಕ್ಯಾನು, ಬಸ್ಸಿನ ಖರ್ಚು, ನಿದ್ದೆಗೆಟ್ಟ ರಾತ್ರಿಗಳು. ಐದು ಮಂದಿ ನಿಜವಾದ ರೋಗಿಗಳು ‘ನೆಗೆಟಿವ್’ ಚೀಟಿ ಜೇಬಿನಲ್ಲಿಟ್ಟುಕೊಂಡು ಗುಟ್ಖಾ ಅಂಗಡಿಗೆ ಹೋದರು. ಪ್ರಯೋಗಾಲಯದಲ್ಲಿ ರೋಗಿಗಳೂ ಆರೋಗ್ಯವಂತರೂ ಹೆಚ್ಚುಕಡಿಮೆ ಸರಿಸಮ ಇದ್ದಾಗ ಅದ್ಭುತವಾಗಿ ಕಂಡ ಅಂಕಿಗಳೇ ಇವು.

ಇದು ಕಾಗದದ ಮೇಲಿನ ಭಯವಲ್ಲ, ನಡೆದುಹೋದ ಕಥೆ. ಅಮೆರಿಕದಲ್ಲಿ ಪಿಎಸ್ಎ ಪರೀಕ್ಷೆಗೆ 1986ರಲ್ಲಿ ಅನುಮತಿ ಸಿಕ್ಕಿದ್ದು ಆಗಲೇ ಕ್ಯಾನ್ಸರ್ ಇದ್ದವರ ನಿಗಾ ಇಡುವುದಕ್ಕೆ. 1994ರಲ್ಲಿ ಪತ್ತೆಗೂ ಬಳಸಬಹುದೆಂದಾಯಿತು. ಕೋಟ್ಯಂತರ ಗಂಡಸರು ಮಾಡಿಸಿಕೊಂಡರು. ಎಂದೂ ತೊಂದರೆ ಕೊಡದಿರಬಹುದಾಗಿದ್ದ, ಆಮೆಯ ವೇಗದ ಗಡ್ಡೆಗಳಿಗೂ ಶಸ್ತ್ರಚಿಕಿತ್ಸೆಯಾಗಿ ಮೂತ್ರದ ಹತೋಟಿ, ಲೈಂಗಿಕ ಶಕ್ತಿ ಎರಡನ್ನೂ ಕಳೆದುಕೊಂಡವರಿದ್ದಾರೆ. ಪ್ರಾಸ್ಟೇಟಿನ ಪ್ರತಿಜನಕದ ಬಗ್ಗೆ 1970ರಲ್ಲೇ ಬರೆದಿದ್ದ ರಿಚರ್ಡ್ ಆಬ್ಲಿನ್ ಸ್ವತಃ 2010ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಈ ಸಾಮೂಹಿಕ ಪರೀಕ್ಷೆಯ ವಿರುದ್ಧ ಬರೆದರು. ಅಲ್ಲಿನ ತಜ್ಞರ ಸಮಿತಿ 2012ರಲ್ಲಿ ಬೇಡವೆಂದಿತು, 2018ರಲ್ಲಿ 55ರಿಂದ 69 ವಯಸ್ಸಿನವರು ವೈದ್ಯರೊಡನೆ ಮಾತಾಡಿ ತಾವೇ ನಿರ್ಧರಿಸಲಿ ಎಂದು ಮೆತ್ತಗಾಯಿತು. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಸೇರಿಸಿಕೊಂಡು ಸಿಎ-125ರ ಅಧ್ಯಯನವೊಂದು ನಡೆಯಿತು. ಅದರ ಅಂತಿಮ ಫಲಿತಾಂಶ 2021ರಲ್ಲಿ ಬಂದಾಗ ಓದಿದವರಿಗೆಲ್ಲ ನಿರಾಸೆ. ರಕ್ತಪರೀಕ್ಷೆಯಿಂದ ಅಂಡಾಶಯದ ಕ್ಯಾನ್ಸರ್ ಮೊದಲ ಹಂತದಲ್ಲಿ ಸಿಕ್ಕ ಪ್ರಕರಣಗಳು ನಿಜಕ್ಕೂ ಹೆಚ್ಚಾಗಿದ್ದವು, ಆದರೆ ಆ ಕ್ಯಾನ್ಸರಿನಿಂದ ಸತ್ತವರ ಸಂಖ್ಯೆ ಕಡಿಮೆಯಾಗಿರಲಿಲ್ಲ. ಬೇಗ ಗೊತ್ತಾಗುವುದು ಬೇರೆ, ಬದುಕುಳಿಯುವುದು ಬೇರೆ.

‘ಒಂದು ಹನಿ’ಯ ಮಾತು ಬಂದಾಗ ಥೆರನೋಸ್ ಕಂಪನಿಯನ್ನು ನೆನೆಯದಿರುವುದು ಕಷ್ಟ. ಬೆರಳ ತುದಿಯ ರಕ್ತದಲ್ಲಿ ನೂರಾರು ಪರೀಕ್ಷೆ ಮಾಡುತ್ತೇವೆಂದು ನಂಬಿಸಿ, ಸಾವಿರಾರು ಕೋಟಿ ಎತ್ತಿ, 2015ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ವರದಿಗಳಿಂದ ಬಯಲಾದ ಕಂಪನಿ ಅದು. ಒಡತಿ ಎಲಿಜಬೆತ್ ಹೋಮ್ಸ್‌ಗೆ 2022ರಲ್ಲಿ ಹನ್ನೊಂದು ವರ್ಷ ಮೀರಿದ ಜೈಲುಶಿಕ್ಷೆಯಾಯಿತು. ಪ್ರಾಮಾಣಿಕ ಸಂಶೋಧಕರನ್ನು ಅದರ ಜೊತೆ ಸೇರಿಸುವುದು ಅನ್ಯಾಯ. ಆದರೆ ಆ ಮೋಸವನ್ನು ಸಾಧ್ಯ ಮಾಡಿದ್ದು ಓದುಗರಾದ ನಮ್ಮ ಆಸೆಯೇ.

ಹಾಗಾದರೆ ಬಾಯಿ ಕ್ಯಾನ್ಸರನ್ನು ಬೇಗ ಹಿಡಿಯುವುದು ಹೇಗೆ? ಟಾರ್ಚ್ ಹಿಡಿದು ಬಾಯಿ ತೆರೆಸಿ ನೋಡುವುದರಿಂದ. ತಿರುವನಂತಪುರ ಜಿಲ್ಲೆಯಲ್ಲಿ 1990ರ ದಶಕದಲ್ಲಿ ಶುರುವಾದ ದೊಡ್ಡ ಅಧ್ಯಯನದಲ್ಲಿ ವೈದ್ಯರೂ ಅಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಕೆನ್ನೆಯ ಒಳಭಾಗ, ನಾಲಗೆಯ ಅಂಚು, ಬಿಳಿ ಕೆಂಪು ಮಚ್ಚೆಗಳನ್ನು ನೋಡಿದರು. 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶದಂತೆ ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ನೂರಕ್ಕೆ 34ರಷ್ಟು ಇಳಿಯಿತು. ಮೂವತ್ತು ದಾಟಿದವರ ಬಾಯಿಯನ್ನು ಹೀಗೆ ನೋಡುವುದು ಇವತ್ತು ನಮ್ಮ ಸರ್ಕಾರಿ ಆರೋಗ್ಯ ಕಾರ್ಯಕ್ರಮದಲ್ಲೂ ಇದೆ. ಯಾವ ನ್ಯಾನೋ ವಸ್ತುವೂ ಬೇಕಾಗದ ಈ ಕೆಲಸ ನಮ್ಮೂರ ಆರೋಗ್ಯ ಕೇಂದ್ರದಲ್ಲಿ ಎಷ್ಟರಮಟ್ಟಿಗೆ ನಡೆಯುತ್ತಿದೆ ಎಂದು ಓದುಗರೇ ಹೋಗಿ ವಿಚಾರಿಸಬಹುದು.

ಇಷ್ಟೆಲ್ಲ ಹೇಳಿದ ಮೇಲೆ ಈ ಸೆನ್ಸರ್‌ಗಳು ದಂಡ ಎಂದು ತೀರ್ಮಾನಿಸಿದರೆ ಅದೂ ತಪ್ಪು. ನನ್ನ ಪ್ರಕಾರ ಅವುಗಳ ಜಾಗ ಬೇರೆ ಇದೆ. ಆರೋಗ್ಯವಂತರ ನಡುವೆ ಕ್ಯಾನ್ಸರ್ ಹುಡುಕುವುದಕ್ಕಲ್ಲ, ಕ್ಯಾನ್ಸರ್ ಬಂದು ಚಿಕಿತ್ಸೆಯಾದವರ ಮೇಲೆ ಕಣ್ಣಿಡುವುದಕ್ಕೆ. ಅಲ್ಲಿ ಲೆಕ್ಕವೇ ತಿರುಗಿಬೀಳುತ್ತದೆ. ಈ ವ್ಯಕ್ತಿಗೆ ಕರುಳಿನ ಕ್ಯಾನ್ಸರ್ ಇತ್ತು ಎಂಬುದು ಗೊತ್ತು, ಗಡ್ಡೆ ತೆಗೆದಾಗ ಸಿಇಎ ಇಳಿದದ್ದೂ ಗೊತ್ತು. ಈಗ ಮೆಲ್ಲಗೆ ಏರುತ್ತಿದೆ ಎಂದರೆ ಅದಕ್ಕೆ ಅರ್ಥವಿದೆ. ಹೀಗಾಗಿಯೇ ಶಸ್ತ್ರಚಿಕಿತ್ಸೆಯ ನಂತರ ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಸಿಇಎ ನೋಡಿಸಿ ಎನ್ನುತ್ತಾರೆ. ಪ್ರಾಸ್ಟೇಟನ್ನು ಪೂರ್ತಿ ತೆಗೆದವರಲ್ಲಿ ಪಿಎಸ್ಎ ಇರಲೇಬಾರದು, ಅಲ್ಲಿ ಮಿಲಿಲೀಟರಿಗೆ 0.2 ನ್ಯಾನೋಗ್ರಾಂ ಕಂಡರೂ ವೈದ್ಯರು ಎಚ್ಚರಾಗುತ್ತಾರೆ. ಪಿಕೋಗ್ರಾಂ ಹಿಡಿಯುವ ಚುರುಕಿಗೆ ಕೊನೆಗೂ ಕೆಲಸ ಸಿಕ್ಕಿತು. ಯಾದಗಿರಿಯ ಹಳ್ಳಿಯೊಂದರ ರೋಗಿ ಇದೊಂದು ಅಂಕಿಗಾಗಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ, ಹತ್ತಿರವೆಂದರೆ ಅದರ ಕಲಬುರಗಿ ಘಟಕಕ್ಕೋ ದಿನಗೂಲಿ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಬೇಕು. ಎರಡು ಸಲ ಹೋದವರು ಮೂರನೆಯ ಸಲ ತಪ್ಪಿಸುವುದು ಸಹಜ. ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟ್ರಿಪ್ಪಿನ ಮೇಲೆ ಹನಿ ಹಾಕಿ ಅಂಕಿಯನ್ನು ಫೋನಿನಲ್ಲಿ ಕಳಿಸುವಂತಾದರೆ ಏರಿದವರು ಮಾತ್ರ ಪಯಣ ಹೊರಟಾರು. ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ತಂಡ 2014ರಲ್ಲೇ ಸುಮಾರು 25 ಡಾಲರಿನ, ಸಾದಾ ಫೋನಿನ ಧ್ವನಿ ಕರೆಯ ಮೂಲಕವೇ ಅಂಕಿ ರವಾನಿಸುವ ಎಲೆಕ್ಟ್ರೊಕೆಮಿಕಲ್ ಮೀಟರನ್ನು ತೋರಿಸಿದೆ. ಮೀಟರಿಗೆ ಬರವಿಲ್ಲ.

ಎಲ್ಲ ಮಾರ್ಕರಿಗೂ ಈ ಮಾತು ನಡೆಯುವುದಿಲ್ಲ ಎಂಬುದನ್ನೂ ಹೇಳಬೇಕು. ಅಂಡಾಶಯದ ಕ್ಯಾನ್ಸರಿಗೆ ಚಿಕಿತ್ಸೆ ಮುಗಿದವರಲ್ಲಿ ಸಿಎ-125 ಏರಿದ ಕೂಡಲೇ ಕೀಮೊ ಶುರುಮಾಡುವುದು ಒಳ್ಳೆಯದೋ, ರೋಗದ ಲಕ್ಷಣ ಕಾಣುವವರೆಗೆ ಕಾಯುವುದು ಒಳ್ಳೆಯದೋ ಎಂದು ಯುರೋಪಿನಲ್ಲಿ ಪರೀಕ್ಷಿಸಿದರು. 2010ರ ಫಲಿತಾಂಶದಲ್ಲಿ ಆಯಸ್ಸು ಎರಡೂ ಗುಂಪಿನಲ್ಲಿ ಒಂದೇ. ಬೇಗ ಶುರುಮಾಡಿದವರು ಕೀಮೊದ ಕಷ್ಟವನ್ನು ಹೆಚ್ಚು ದಿನ ಅನುಭವಿಸಿದ್ದಷ್ಟೇ ಬಂತು.

ಲ್ಯಾಬಿನಿಂದ ಜನರ ಕೈಗೆ ಬಂದ ಸೆನ್ಸರ್ ಯಾವುದು ಎಂದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನವಕಾಂತ ಭಟ್ ಅವರ ಕೆಲಸ ನೆನಪಾಗುತ್ತದೆ. ಎಚ್‌ಬಿಎ1ಸಿ, ಮೂತ್ರದ ಆಲ್ಬುಮಿನ್ ಮುಂತಾದ ಸಕ್ಕರೆ ಕಾಯಿಲೆಯ ಹಲವು ಸೂಚಕಗಳನ್ನು ಅಂಗೈ ಗಾತ್ರದ ಒಂದೇ ಸಾಧನದಲ್ಲಿ ಅಳೆಯುವ ಎಲೆಕ್ಟ್ರೊಕೆಮಿಕಲ್ ಸ್ಟ್ರಿಪ್ಪುಗಳನ್ನು ಅವರ ತಂಡ ರೂಪಿಸಿ, ಪಾಥ್‌ಶೋಧ್ ಎಂಬ ಕಂಪನಿಯ ಮೂಲಕ ಮಾರುಕಟ್ಟೆಗೂ ತಂದಿದೆ. ಭಟ್ ಅವರಿಗೆ 2018ರ ಇನ್ಫೊಸಿಸ್ ಪ್ರಶಸ್ತಿ ಬಂದದ್ದೂ ಸೆನ್ಸರುಗಳ ಕೆಲಸಕ್ಕೇ. ಇದು ಕ್ಯಾನ್ಸರಿನದಲ್ಲ. ಆದರೆ ಲ್ಯಾಬಿನ ಬಾಗಿಲು ದಾಟಿ ಹೊರಬಂದದ್ದು ಇದೇ ಏಕೆ ಎಂದು ಕೇಳಿಕೊಂಡರೆ ಕಾರಣ ಕಾಣುತ್ತದೆ: ಆ ವಸ್ತುಗಳು ರಕ್ತ, ಮೂತ್ರದಲ್ಲಿ ಧಾರಾಳವಾಗಿ ಸಿಗುತ್ತವೆ, ಅಂಕಿ ಏರಿದರೆ ಏನರ್ಥ ಎಂಬುದರಲ್ಲಿ ವೈದ್ಯರಿಗೆ ಗೊಂದಲವಿಲ್ಲ.

ಕ್ಯಾನ್ಸರಿನ ಸ್ಟ್ರಿಪ್ ತಾಲ್ಲೂಕಿಗೆ ಬರಬೇಕಾದರೆ ಬಗೆಹರಿಯಬೇಕಾದ ತಕರಾರುಗಳು ಇನ್ನೂ ಇವೆ, ಅವು ಯಾವುವೂ ಸುದ್ದಿಯಾಗುವಂಥವಲ್ಲ. ಶುದ್ಧ ಉಪ್ಪುನೀರಿನಲ್ಲಿ ಚೆನ್ನಾಗಿ ಓಡಿದ ಎಲೆಕ್ಟ್ರೋಡು ನಿಜವಾದ ರಕ್ತಕ್ಕೆ ಇಳಿದ ಕೆಲವೇ ನಿಮಿಷಗಳಲ್ಲಿ ಪ್ರೋಟೀನುಗಳ ಪಾಚಿ ಕಟ್ಟಿಕೊಳ್ಳುತ್ತದೆ. ಹಾರ್ವರ್ಡ್‌ನ ವೀಸ್ ಇನ್‌ಸ್ಟಿಟ್ಯೂಟಿನವರು 2019ರಲ್ಲಿ ಅದೇ ಹಸುವಿನ ಆಲ್ಬುಮಿನ್ನಿಗೆ ಚಿನ್ನದ ನ್ಯಾನೋತಂತಿಗಳನ್ನು ಬೆರೆಸಿ, ಪಾಚಿ ಹಿಡಿಯದ ಆದರೆ ಕರೆಂಟು ಬಿಡುವ ಲೇಪನವೊಂದನ್ನು ತೋರಿಸಿದರು; ಇಂಥ ಕೆಲಸಕ್ಕೆ ನಾನು ಅಟ್ಟೋಗ್ರಾಂಗಿಂತ ಹೆಚ್ಚು ಅಂಕ ಕೊಡುತ್ತೇನೆ. ಪ್ರತಿಕಾಯಕ್ಕೆ ಫ್ರಿಜ್ ಬೇಕು, ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಕರೆಂಟು ಹೋದ ಮಧ್ಯಾಹ್ನ ಅದರ ಗತಿ ಏನು? ಬದಲಿಗೆ ಬಿಸಿ ತಡೆಯುವ ಡಿಎನ್ಎ ಎಳೆಗಳನ್ನು ಹಿಡಿಕೆಯಾಗಿ ಬಳಸುವ ಪ್ರಯತ್ನ ನಡೆದಿದೆ. ರಕ್ತದಲ್ಲಿ ಮಾರ್ಕರ್ ವಿಪರೀತ ಹೆಚ್ಚಿದ್ದರೆ ಕೆಳಗಿನ, ಮೇಲಿನ ಎರಡೂ ಪ್ರತಿಕಾಯಗಳು ಬೇರೆ ಬೇರೆಯಾಗಿ ತುಂಬಿಹೋಗಿ ಅಂಕಿ ಕಡಿಮೆ ತೋರಿಸುವ ಅಪಾಯವೂ ಇದೆ. ಕೂದಲು ಉದುರದಿರಲೆಂದು ನುಂಗುವ ಬಯೋಟಿನ್ ಮಾತ್ರೆ ದೊಡ್ಡ ಲ್ಯಾಬಿನ ಕೆಲವು ಪರೀಕ್ಷೆಗಳನ್ನೂ ದಾರಿ ತಪ್ಪಿಸುತ್ತದೆ.

ಎಲ್ಲಕ್ಕಿಂತ ಕಿರಿಕಿರಿಯದು ಹೋಲಿಕೆಯ ತೊಡಕು. ಒಂದು ಕಂಪನಿಯ ಯಂತ್ರದ ಸಿಇಎ 5, ಇನ್ನೊಂದು ಕಂಪನಿಯ ಯಂತ್ರದಲ್ಲಿ 5 ಆಗಿರಬೇಕೆಂದಿಲ್ಲ, ಏಕೆಂದರೆ ಇಬ್ಬರ ಪ್ರತಿಕಾಯಗಳೂ ಆ ಪ್ರೋಟೀನಿನ ಬೇರೆ ಬೇರೆ ಭಾಗವನ್ನು ಹಿಡಿಯುತ್ತವೆ. ಆದ್ದರಿಂದ ನಿಗಾದಲ್ಲಿರುವ ರೋಗಿಗೆ ಪ್ರತಿ ಸಲವೂ ಒಂದೇ ವಿಧಾನದ ಪರೀಕ್ಷೆ ಮಾಡಿಸಬೇಕೆಂಬುದು ಹಳೆಯ ನಿಯಮ. ಯಾದಗಿರಿಯ ರೋಗಿಯ ಬೆರಳಿಗೆ ಸ್ಟ್ರಿಪ್ ತಾಗಿಸುವ ಮೊದಲು, ಆಪರೇಷನ್ನಿನ ಹಿಂದಿನ ದಿನದ ಅವರ ಮೊದಲ ಅಂಕಿಯೂ ಅದೇ ಸ್ಟ್ರಿಪ್ಪಿನಲ್ಲೇ ತೆಗೆದು ಫೈಲಿನಲ್ಲಿ ಬರೆದಿಟ್ಟಿರಬೇಕು. ಅಂದರೆ ಹೊಸ ಸೆನ್ಸರ್ ಮೊದಲು ಬರಬೇಕಾದದ್ದು ಹಳ್ಳಿಗಲ್ಲ, ಆಪರೇಷನ್ ಮಾಡುವ ದೊಡ್ಡ ಆಸ್ಪತ್ರೆಯ ವಾರ್ಡಿಗೆ. ಅಲ್ಲಿ ಈಗಿರುವ ಯಂತ್ರದ ಪಕ್ಕದಲ್ಲಿ ಒಂದೆರಡು ವರ್ಷ, ಪ್ರತಿ ರೋಗಿಗೂ ಎರಡೂ ಅಂಕಿಗಳನ್ನು ಜೋಡಿಯಾಗಿ ಬರೆದಿಡುವುದಕ್ಕೆ.